ಬಿಲ್ದದನ ಮಾತೂ ಬೈಬಲಿನಲ್ಲೇ ಇದೆ

ಪ್ರಶ್ನೆ: ನಮ್ಮ ಅಮ್ಮನಿಗೆ ಯೋಬನ ಪುಸ್ತಕದ ಒಂದು ವಾಕ್ಯ ಅಂದರೆ ಪ್ರಾಣ. ನಿನ್ನ ಮೊದಲಿನ ಸ್ಥಿತಿ ಚಿಕ್ಕದಾಗಿದ್ದರೂ ಕೊನೆಗೆ ಬಹಳ ಹೆಚ್ಚುವೆ ಎನ್ನುವ ಮಾತು (8:7). ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಮೊನ್ನೆ ಮನೆಗೆ ಬಂದವರೊಬ್ಬರು, "ಇದು ದೇವರ ಮಾತೇ ಅಲ್ಲ, ಹಿಂದುಮುಂದು ನೋಡದೆ ಹಾಕಿಕೊಂಡಿದ್ದೀರಿ" ಅಂದುಬಿಟ್ಟರು. ಅಮ್ಮ ಸಪ್ಪಗಾದರು. ನನಗೆ ಎರಡು ಪ್ರಶ್ನೆ. ಬೈಬಲಿನಲ್ಲಿ ಇರುವುದೆಲ್ಲ ದೇವರ ಮಾತು ಅಲ್ವಾ? ಒಬ್ಬೊಬ್ಬರು ಒಂದೊಂದು ವಾಕ್ಯ ಹಿಡಿದು ತಮಗೆ ಬೇಕಾದ್ದನ್ನು ಹೇಳುವಾಗ, ಹೀಬ್ರೂ, ಗ್ರೀಕ್ ಬಾರದ ನಮ್ಮಂಥವರು ಅದನ್ನು ಸರಿಯಾಗಿ ಓದುವುದು ಹೇಗೆ?

ಉತ್ತರ: ನಿಮ್ಮ ಮನೆಗೆ ಬಂದವರು ಹೇಳಿದ್ದರಲ್ಲಿ ಅರ್ಧ ನಿಜ. ಉಳಿದ ಅರ್ಧವನ್ನು ಅವರೂ ಓದಿಲ್ಲ ಅಂತ ನನ್ನ ಅನುಮಾನ. ಆ ಅರ್ಧಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಆ ವಾಕ್ಯ ಯಾರ ಬಾಯಿಂದ ಬಂತು ನೋಡೋಣ. ಯೋಬ ಒಂದೇ ದಿನದಲ್ಲಿ ದನಕುರಿ, ಆಳುಕಾಳು, ಹತ್ತು ಮಕ್ಕಳು, ಎಲ್ಲವನ್ನೂ ಕಳೆದುಕೊಂಡ. ಆಮೇಲೆ ಮೈತುಂಬ ಹುಣ್ಣು. ಸಮಾಧಾನ ಹೇಳಲು ಮೂವರು ಗೆಳೆಯರು ಬಂದರು: ಎಲೀಫಜ, ಬಿಲ್ದದ, ಚೋಫರ. ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು.

8ನೇ ಅಧ್ಯಾಯ ಪೂರ್ತಿ ಬಿಲ್ದದನ ಮಾತು. ಅಮ್ಮನ ವಾಕ್ಯಕ್ಕಿಂತ ಮೂರೇ ವಚನ ಮೇಲೆ ಅವನು ಹೇಳುವುದೇನು ಗೊತ್ತಾ? ನಿನ್ನ ಮಕ್ಕಳು ದೇವರಿಗೆ ತಪ್ಪು ಮಾಡಿರಬೇಕು, ಅದಕ್ಕೇ ಅವರಿಗೆ ಹಾಗಾಯಿತು! ಹತ್ತು ಮಕ್ಕಳನ್ನು ಮಣ್ಣು ಮಾಡಿದ ತಂದೆಯ ಮುಂದೆ ಆಡುವ ಮಾತೇ ಇದು? ಆಮೇಲೆ 5, 6ನೇ ವಚನಗಳಲ್ಲಿ ಷರತ್ತು ಹಾಕುತ್ತಾನೆ. ನೀನು ದೇವರನ್ನು ಬೇಡಿಕೊಂಡರೆ, ನೀನು ನಿಜವಾಗಿ ಶುದ್ಧನಾಗಿದ್ದರೆ, ಆಗ ಎಲ್ಲ ಸರಿಹೋಗುತ್ತದೆ. ಅದರ ಬೆನ್ನಿಗೇ 7ನೇ ವಚನ ಬರುತ್ತದೆ. ಅಂದರೆ ಅಲ್ಲಿ ಅದು ಹರಕೆಯ ಮಾತಲ್ಲ, ಹರಕೆಯ ವೇಷದ ಆರೋಪ. ನಿನಗೆ ಇನ್ನೂ ಒಳ್ಳೆಯದಾಗಿಲ್ಲ ಅಂದರೆ ನಿನ್ನಲ್ಲೇ ಏನೋ ಐಬಿದೆ ಎನ್ನುವುದು ಅದರ ಒಳದನಿ.

ಓದುವ ನಮಗಾದರೋ ಮೊದಲನೇ ಅಧ್ಯಾಯದ ಮೊದಲ ವಚನದಲ್ಲೇ ಯೋಬ ನಿರ್ದೋಷಿ ಅಂತ ಗೊತ್ತು. ಬಿಲ್ದದನಿಗೆ ಗೊತ್ತಿಲ್ಲ. ಪುಸ್ತಕದ ಬಿಗಿ ಇರುವುದೇ ಅಲ್ಲಿ. ಕೊನೆಗೆ 42:7ರಲ್ಲಿ ದೇವರೇ ಎಲೀಫಜನಿಗೆ ಹೇಳುತ್ತಾನೆ: ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಕೋಪ ಬಂದಿದೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ. ಇಡೀ ಬೈಬಲಿನಲ್ಲಿ ಇಷ್ಟುದ್ದ ಮಾತಾಡಿ, ಕೊನೆಗೆ ದೇವರಿಂದಲೇ ತಪ್ಪು ಅನ್ನಿಸಿಕೊಂಡವರು ಬೇರೆ ಯಾರೂ ನನಗೆ ನೆನಪಿಗೆ ಬರುತ್ತಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಬೈಬಲ್ ಪೂರ್ತಿ ದೇವರ ವಾಕ್ಯ ಎಂದು ಕ್ರೈಸ್ತರು ನಂಬುತ್ತಾರೆ. ಆ ಪೂರ್ತಿಯ ಒಳಗೆ ಬೇರೆ ಬೇರೆಯವರ ಬಾಯಿಗಳಿವೆ. ಫರೋಹ ಮಾತಾಡುತ್ತಾನೆ, ಪಿಲಾತ ಮಾತಾಡುತ್ತಾನೆ, ಸೈತಾನನೂ ಮಾತಾಡುತ್ತಾನೆ. ನ್ಯಾಯಾಲಯದ ಕಡತದಲ್ಲಿ ಸುಳ್ಳುಸಾಕ್ಷಿಯ ಮಾತೂ ಬರೆದಿರುತ್ತದೆ. ಹಾಗಂತ ಕಡತ ಸುಳ್ಳಾಗುವುದಿಲ್ಲ, ಸಾಕ್ಷಿಯ ಮಾತು ತೀರ್ಪೂ ಆಗುವುದಿಲ್ಲ.

ಆದರೆ ಗೆಳೆಯರ ಮಾತನ್ನೆಲ್ಲ ಕತ್ತರಿ ಹಾಕಿ ಬಿಸಾಡಿ ಅಂತಲೂ ನಾನು ಹೇಳುವುದಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (3:19) "ಬರೆದದೆ", ಅಂದರೆ ಶಾಸ್ತ್ರದಲ್ಲಿ ಬರೆದಿದೆ, ಅಂತಲೇ ಒಂದು ಮಾತು ಎತ್ತಿಕೊಳ್ಳುತ್ತಾನೆ. ಜ್ಞಾನಿಗಳನ್ನು ದೇವರು ಅವರ ಯುಕ್ತಿಯಲ್ಲೇ ಹಿಡಿಯುತ್ತಾನೆ ಎನ್ನುವ ಮಾತು ಅದು. ಅದು ಎಲೀಫಜನದು, ಯೋಬ 5:13. ಅಂದರೆ ಗೆಳೆಯರು ಆಡಿದ್ದೆಲ್ಲ ಸುಳ್ಳಲ್ಲ. ಅವರ ಎಷ್ಟೋ ಮಾತು ಸಾಮಾನ್ಯವಾಗಿ ನಿಜವೇ. ಆ ನಿಜವನ್ನು ತಪ್ಪು ಮನುಷ್ಯನ ತಲೆಗೆ ಕಟ್ಟಿದರು, ಅಷ್ಟೇ. ಇಂಥ ತಪ್ಪು ಮಾಡಲು ಹೀಬ್ರೂ ಬಾರದಿರಬೇಕಾಗಿಲ್ಲ. ಅವರಿಗೆ ಅದು ಚೆನ್ನಾಗಿಯೇ ಬರುತ್ತಿತ್ತು!

ವಾಕ್ಯ ಗೊತ್ತಿದ್ದರೆ ಸಾಲದು ಎನ್ನುವುದಕ್ಕೆ ಮತ್ತಾಯನ 4ನೇ ಅಧ್ಯಾಯವೂ ಸಾಕ್ಷಿ. ದೇವಾಲಯದ ತುದಿಯಿಂದ ಧುಮುಕು ಅಂತ ಯೇಸುವಿಗೆ ಹೇಳುವಾಗ ಸೈತಾನ 91ನೇ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸುತ್ತಾನೆ. ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎನ್ನುವಲ್ಲಿಗೆ ನಿಲ್ಲಿಸುತ್ತಾನೆ. ಮುಂದಿನ ವಚನದಲ್ಲಿ ಸರ್ಪವನ್ನು ತುಳಿಯುವ ಮಾತಿದೆ. ಅದು ಅವನಿಗೆ ಬೇಡವಾಗಿತ್ತೋ ಏನೋ! ಯೇಸು ಆ ಕೀರ್ತನೆ ಸುಳ್ಳು ಅನ್ನಲಿಲ್ಲ. ಧರ್ಮೋಪದೇಶಕಾಂಡದ ಇನ್ನೊಂದು ಮಾತನ್ನು ಅದರ ಪಕ್ಕಕ್ಕಿಟ್ಟ.

ಯಾರು ಹೇಳಿದರು ಎನ್ನುವುದರ ಜೊತೆಗೆ ಯಾರಿಗೆ ಹೇಳಿದರು ಎನ್ನುವುದನ್ನೂ ಕೇಳಬೇಕು. ಯೆರೆಮೀಯ 29:11 ನಿಮಗೂ ಗೊತ್ತಿರುತ್ತದೆ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ಅಹಿತದ್ದಲ್ಲ ಎನ್ನುವ ಆ ವಾಕ್ಯ. ಪರೀಕ್ಷೆ ಬರೆಯುವವರಿಗೆ, ಕೆಲಸ ಹುಡುಕುವವರಿಗೆ, ಮದುವೆಯಾಗುವವರಿಗೆ ಇದನ್ನು ಬರೆದುಕೊಡುತ್ತಾರೆ. ಅದು ಮೂಲದಲ್ಲಿ ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ರಾಜನನ್ನೂ ಪ್ರಮುಖರನ್ನೂ ಕುಶಲಕರ್ಮಿಗಳನ್ನೂ ಸೆರೆಹಿಡಿದು ಒಯ್ದಿದ್ದ. ಪತ್ರ ಹೋದದ್ದು ಅವರಿಗೆ.

ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎನ್ನುವ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂತ ಭರವಸೆ ಕೊಡುತ್ತಾನೆ. ಜನಕ್ಕೆ ಎಷ್ಟು ಖುಷಿಯಾಗಿರಬೇಕು ಅಲ್ವಾ? ಆ ಭರವಸೆ ಪೊಳ್ಳು ಅಂತ ಯೆರೆಮೀಯ ಪತ್ರ ಬರೆಯುತ್ತಾನೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ. 10ನೇ ವಚನದಲ್ಲಿ ಎಪ್ಪತ್ತು ವರ್ಷ ಅನ್ನುತ್ತಾನೆ. ಆಮೇಲೆ ಬರುವುದು 11. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ಮತ್ತೆ ನೋಡದೆ ಸತ್ತಿರುತ್ತಾರೆ. ಹಿತದ ಯೋಚನೆ ಅಂದದ್ದು ಅವರ ಮೊಮ್ಮಕ್ಕಳ ಕಾಲಕ್ಕೆ ಕೈಗೂಡುವ ಮಾತು. "ಬೇಗ ಒಳ್ಳೆಯದಾಗುತ್ತದೆ" ಅಂದವನು ಹನನ್ಯ. ನಾವು ಯೆರೆಮೀಯನ ವಾಕ್ಯವನ್ನು ಬರೆದುಕೊಡುತ್ತೇವೆ, ಅರ್ಥ ಮಾತ್ರ ಹನನ್ಯನದು. ಇದು ನನಗೆ ಯಾವಾಗಲೂ ವಿಚಿತ್ರ ಅನಿಸುತ್ತದೆ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವೂ ಇದೆ. ಈಗಿನ ಇಂಗ್ಲಿಷಿನಲ್ಲಿ ಒಬ್ಬರಿಗೂ ಹತ್ತು ಜನಕ್ಕೂ ಒಂದೇ ಸರ್ವನಾಮ. ನಮ್ಮಲ್ಲಿ "ನೀನು" ಬೇರೆ, "ನೀವು" ಬೇರೆ. ಮೂಲ ಭಾಷೆಗಳಲ್ಲೂ ಹಾಗೇ. ಲೂಕ 22:31ರಲ್ಲಿ ಯೇಸು ತನ್ನ ಶಿಷ್ಯ ಸೀಮೋನನಿಗೆ, ಸೈತಾನ ನಿಮ್ಮನ್ನು ಗೋಧಿಯಂತೆ ಒನೆಯಲು ಕೇಳಿಕೊಂಡಿದ್ದಾನೆ ಅನ್ನುತ್ತಾನೆ. 32ರಲ್ಲಿ, ನಾನು ನಿನಗೋಸ್ಕರ ಬೇಡಿಕೊಂಡೆ ಅನ್ನುತ್ತಾನೆ. ಒನೆಯುವುದು ಎಲ್ಲ ಶಿಷ್ಯರನ್ನು, ಪ್ರಾರ್ಥನೆ ಅವನೊಬ್ಬನಿಗಾಗಿ. ಯಾಕೆ? ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಅದೇ ವಚನದ ಕೊನೆಯಲ್ಲಿದೆ. ಇಂಗ್ಲಿಷ್ ಓದುವವರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕು, ನಮಗೆ ಬೇಡ. ಒಂದು ಎಚ್ಚರ ಮಾತ್ರ ಇರಲಿ. ಕನ್ನಡದ "ನೀವು" ಗೌರವಕ್ಕೂ ಬರುತ್ತದೆ, ಮೂಲದಲ್ಲಿ ಆ ಬಳಕೆ ಇಲ್ಲ. ನೀವು ದೇವರ ಆಲಯ ಅಂತ ಪೌಲ ಬರೆದಾಗ (1 ಕೊರಿಂಥ 3:16) ಅದು ಒಬ್ಬರಿಗೆ ಕೊಟ್ಟ ಮರ್ಯಾದೆ ಅಲ್ಲ, ಇಡೀ ಸಭೆಗೆ ಹೇಳಿದ್ದು.

ಇಷ್ಟು ಸುಲಭದ ವಿಷಯ ನಮ್ಮ ಕಣ್ಣು ತಪ್ಪುವುದೇಕೆ? ಅರ್ಧ ತಪ್ಪು ಅಂಕಿಗಳದ್ದು. ಬೈಬಲ್ ಬರೆದವರು ಅಧ್ಯಾಯ, ವಚನ ಅಂತ ಸಂಖ್ಯೆ ಹಾಕಿರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಆರಂಭದ್ದು. ಅದನ್ನು ಸ್ಟೀಫನ್ ಲ್ಯಾಂಗ್ಟನ್ ಮಾಡಿದ ಎನ್ನುತ್ತಾರೆ. ಆಮೇಲೆ ಅವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ಹೊಸ ಒಡಂಬಡಿಕೆಗೆ ವಚನ ಸಂಖ್ಯೆ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎನ್ನುವ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲ ಅಂತ ಮಾಡಿದ್ದು. ಆದರೆ ಅಂಕಿ ಬಿದ್ದ ಮೇಲೆ ಪ್ರತಿ ಸಾಲೂ ಒಂದು ಗಾದೆಯ ಹಾಗೆ ಒಂಟಿಯಾಗಿ ನಿಂತುಬಿಟ್ಟಿತು. ಪತ್ರದ ಮಧ್ಯದ ಸಾಲು ಕಿತ್ತುಕೊಂಡು ಗೋಡೆಗೆ ಹಾಕಲು ದಾರಿಯಾಯಿತು.

ಬಡ ವಿಧವೆಯ ಎರಡು ಕಾಸಿನ ಕಥೆ ತೆಗೆದುಕೊಳ್ಳಿ. ನಾನು ತುಂಬ ವರ್ಷ ಇದನ್ನು ದಾನದ ಪಾಠ ಅಂತಲೇ ಹೇಳಿಕೊಟ್ಟಿದ್ದೇನೆ. ಶ್ರೀಮಂತರು ಕಾಣಿಕೆ ಪೆಟ್ಟಿಗೆಗೆ ಜಾಸ್ತಿ ಹಾಕಿದರು, ಈಕೆ ತನ್ನ ಜೀವನಕ್ಕೆ ಇದ್ದದ್ದನ್ನೆಲ್ಲ ಹಾಕಿದಳು. ನಾವೂ ಹಾಗೆ ಕೊಡಬೇಕು. ಕಥೆ ಮಾರ್ಕ 12:41ರಿಂದ 44. ಒಮ್ಮೆ ಪಾಠದ ಮಧ್ಯೆ ಒಬ್ಬ ವಿದ್ಯಾರ್ಥಿನಿ 38ರಿಂದ 40ರವರೆಗಿನ ವಚನಗಳನ್ನೂ ಓದಿದಳು. ಶಾಸ್ತ್ರಿಗಳ ಬಗ್ಗೆ ಎಚ್ಚರವಾಗಿರಿ, ಅವರು ವಿಧವೆಯರ ಮನೆಗಳನ್ನು ನುಂಗುತ್ತಾರೆ ಅಂತ ಅಲ್ಲಿದೆ. ಅದು ಮುಗಿದ ತಕ್ಷಣ ಒಬ್ಬ ವಿಧವೆ ಬಂದು ಉಳಿದ ಎರಡು ಕಾಸನ್ನೂ ದೇವಾಲಯಕ್ಕೆ ಹಾಕಿ ಹೋಗುತ್ತಾಳೆ. ನನ್ನ ಬಾಯಿ ಕಟ್ಟಿತು. ಅವಳು ಅಲ್ಲಿಗೆ ಬಿಡಲಿಲ್ಲ. 13ನೇ ಅಧ್ಯಾಯದ ಮೊದಲೆರಡು ವಚನವನ್ನೂ ಓದಿದಳು. ಶಿಷ್ಯನೊಬ್ಬ ದೇವಾಲಯದ ಕಲ್ಲುಗಳನ್ನು ನೋಡಿ ಬೆರಗಾದರೆ, ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಯೇಸು ಹೇಳುತ್ತಾನೆ. ಆ ಕಾಸು ಹೋದದ್ದು ಅದೇ ಕಟ್ಟಡಕ್ಕೆ.

ಹಾಗಾದರೆ ಯೇಸು ಅವಳನ್ನು ಹೊಗಳುತ್ತಿದ್ದಾನೋ, ಮರುಗುತ್ತಿದ್ದಾನೋ? ಬಡವಳ ಕೈ ಬರಿದು ಮಾಡಿಸಿದ ವ್ಯವಸ್ಥೆಯ ಮೇಲೆ ಸಿಟ್ಟಾಗಿದ್ದಾನೋ? ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಗಮನಿಸಿ, ನೀವೂ ಹೀಗೇ ಕೊಡಿ ಅಂತ ಅವನು ಎಲ್ಲೂ ಹೇಳುವುದಿಲ್ಲ. ಆಕೆ ಎಲ್ಲರಿಗಿಂತ ಹೆಚ್ಚು ಹಾಕಿದಳು ಎಂದಷ್ಟೇ ಹೇಳುತ್ತಾನೆ. ನನಗೆ ಈಗ ಎರಡೂ ಕೇಳಿಸುತ್ತದೆ. ಅವಳ ಮೇಲೆ ಗೌರವ, ಅವಳಿಂದ ಕಿತ್ತುಕೊಂಡವರ ಮೇಲೆ ಸಿಟ್ಟು. ಇನ್ನೊಂದು ತಮಾಷೆ ನೋಡಿ. ಮಾರ್ಕನಲ್ಲಿ ಅಧ್ಯಾಯದ ಗೆರೆ ಬಿದ್ದಿರುವುದು ಕಥೆ ಮುಗಿದ ಮೇಲೆ. ಅದರಿಂದ ಕಲ್ಲಿನ ಮಾತು ಕಡಿದುಹೋಯಿತು. ಲೂಕನಲ್ಲಿ ಗೆರೆ ಕಥೆಗೆ ಮುಂಚೆಯೇ ಬಿದ್ದಿದೆ, 20 ಮತ್ತು 21ನೇ ಅಧ್ಯಾಯಗಳ ನಡುವೆ. ಅಲ್ಲಿ ವಿಧವೆಯರ ಮನೆ ನುಂಗುವ ಮಾತು ಕಡಿದುಹೋಯಿತು. ದಿನಕ್ಕೊಂದು ಅಧ್ಯಾಯ ಓದಿ ಪುಸ್ತಕ ಮುಚ್ಚುವವರಿಗೆ ಈ ಜೋಡಣೆ ಕಾಣುವುದೇ ಇಲ್ಲ.

ಅಂಕಿಗಳ ಹಾಗೆಯೇ ಮುದ್ರಕರು ಹಾಕುವ ಉಪಶೀರ್ಷಿಕೆಗಳೂ ಮೂಲದ್ದಲ್ಲ. ಎಫೆಸದವರಿಗೆ ಬರೆದ ಪತ್ರದ 5:22ರ ಮೇಲೆ ಎಷ್ಟು ಮನೆಗಳಲ್ಲಿ ಜಗಳವಾಗಿದೆಯೋ! ಹೆಂಡತಿಯರೇ, ನಿಮ್ಮ ಗಂಡಂದಿರಿಗೆ ಅಧೀನರಾಗಿರಿ. ಆದರೆ ನಮಗೆ ಸಿಕ್ಕಿರುವ ಅತಿ ಹಳೆಯ ಕೆಲವು ಪ್ರತಿಗಳಲ್ಲಿ, ಉದಾಹರಣೆಗೆ ನಾಲ್ಕನೇ ಶತಮಾನದ ವ್ಯಾಟಿಕನ್ ಹಸ್ತಪ್ರತಿಯಲ್ಲಿ, ಈ ವಚನಕ್ಕೆ ಕ್ರಿಯಾಪದವೇ ಇಲ್ಲ. "ಅಧೀನರಾಗಿ" ಎನ್ನುವುದನ್ನು ಹಿಂದಿನ 21ನೇ ವಚನದಿಂದ ಎರವಲು ತರಬೇಕು. ಅಲ್ಲಿ ಇರುವುದು ಒಬ್ಬರಿಗೊಬ್ಬರು ಅಧೀನರಾಗಿ ಅಂತ. ಎರಡೂ ಒಂದೇ ಉಸಿರಿನ ಮಾತು. ಎಷ್ಟೋ ಮುದ್ರಣಗಳಲ್ಲಿ ಸರಿಯಾಗಿ ಇವೆರಡರ ನಡುವೆಯೇ "ಗಂಡ ಹೆಂಡತಿಯರಿಗೆ" ಎನ್ನುವಂಥ ದಪ್ಪಕ್ಷರದ ತಲೆಬರಹ ಕೂತಿರುತ್ತದೆ. ಆಮೇಲೆ ಗಂಡಂದಿರಿಗೆ ಹೇಳುವ ಮಾತು ಇದರ ಎರಡರಷ್ಟಕ್ಕಿಂತ ಉದ್ದವಿದೆ. ಅದನ್ನು ಗಟ್ಟಿಯಾಗಿ ಓದುವ ಗಂಡಸರು ಕಡಿಮೆ. ಪೌಲ ಇಂದಿನ ಅರ್ಥದಲ್ಲಿ ಸಮಾನತೆ ಸಾರಿದ ಅಂತ ನಾನು ಹೇಳುತ್ತಿಲ್ಲ. ಆ ಕಾಲದ ಮನೆಯ ಕಟ್ಟಳೆ ಅಲ್ಲಿ ಇದ್ದೇ ಇದೆ. 21ನ್ನು ಬಿಟ್ಟು 22ನ್ನು ಓದುವುದು ಓದಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಪುಸ್ತಕದಲ್ಲಿ ಇಲ್ಲದ್ದನ್ನು ನಾವೇ ಸೇರಿಸಿಕೊಂಡದ್ದೂ ಬೇಕಾದಷ್ಟಿದೆ. ಇವುಗಳಿಂದ ಹೆಚ್ಚಿನ ಹಾನಿಯೇನೂ ಇಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಏದೆನಿನ ಹಣ್ಣು ಸೇಬು ಅಂತ ಆದಿಕಾಂಡದಲ್ಲಿ ಇಲ್ಲ, ಬರೀ ಹಣ್ಣು. ಲ್ಯಾಟಿನ್ನಿನಲ್ಲಿ ಸೇಬಿಗೂ ಕೆಡುಕಿಗೂ "ಮಾಲುಮ್" ಎಂಬ ಒಂದೇ ರೂಪದ ಪದ ಇದ್ದದ್ದು ಆ ಕಲ್ಪನೆಗೆ ನೀರೆರೆದಿರಬಹುದು. ಯೋನನನ್ನು ನುಂಗಿದ್ದು ದೊಡ್ಡ ಮೀನು, ತಿಮಿಂಗಿಲ ಎಂಬ ಮಾತಿಲ್ಲ. ಮೂಡಣದ ಜೋಯಿಸರು ಮೂವರು ಅಂತ ಮತ್ತಾಯ ಹೇಳಿಲ್ಲ, ರಾಜರು ಅಂತಲೂ ಹೇಳಿಲ್ಲ. ಕಾಣಿಕೆ ಮೂರು ಇದ್ದದ್ದಕ್ಕೆ ತಂದವರೂ ಮೂವರಾದರು. ಅವರು ಬಂದದ್ದು ಗೋದಲಿಗೂ ಅಲ್ಲ, ಮನೆಗೆ (2:11). ಗೋದಲಿ ಇರುವುದು ಲೂಕನಲ್ಲಿ.

ಆ ಲೂಕನಲ್ಲೂ ಒಂದು ಗಂಟಿದೆ. ಛತ್ರದಲ್ಲಿ ಜಾಗ ಇರಲಿಲ್ಲ ಅಂತ ಓದುತ್ತೇವಲ್ಲ, ಅಲ್ಲಿರುವ ಗ್ರೀಕ್ ಪದ "ಕತಾಲುಮ". ಅದೇ ಪದ ಲೂಕ 22:11ರಲ್ಲಿ ಕೊನೆಯ ಭೋಜನದ ಕೋಣೆಗೆ ಬರುತ್ತದೆ. ಅಲ್ಲಿ ಯಾರೂ ಅದನ್ನು ಛತ್ರ ಅನ್ನುವುದಿಲ್ಲ, ಅದು ಮನೆಯ ಅತಿಥಿ ಕೋಣೆ. ದುಡ್ಡು ಕೊಟ್ಟು ಉಳಿಯುವ ತಂಗುದಾಣಕ್ಕೆ ಲೂಕನ ಹತ್ತಿರ ಬೇರೆ ಪದವೇ ಇದೆ, ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಬಳಸಿದ್ದಾನೆ. ಹಾಗಾಗಿ ಮರಿಯಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ ಆ ಕಲ್ಲೆದೆಯ ಛತ್ರದ ಯಜಮಾನ ನಾಟಕದವರ ಸೃಷ್ಟಿ. ಸುವಾರ್ತೆಯಲ್ಲಿ ಅವನಿಲ್ಲ.

ಮಗ್ದಲದ ಮರಿಯಳ ವಿಷಯ ಮಾತ್ರ ಹಾನಿಯಿಲ್ಲದ್ದಲ್ಲ. ಅವಳನ್ನು ವೇಶ್ಯೆ ಅಂತ ಯಾವ ಸುವಾರ್ತೆಯೂ ಕರೆದಿಲ್ಲ. ಅವಳಿಂದ ಏಳು ದೆವ್ವಗಳು ಬಿಟ್ಟುಹೋಗಿದ್ದವು ಅಂತ ಲೂಕ 8:2 ಹೇಳುತ್ತದೆ, ಅಷ್ಟೇ. ಅದರ ಹಿಂದಿನ ಅಧ್ಯಾಯದಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಯೇಸುವಿನ ಪಾದಕ್ಕೆ ತೈಲ ಹಚ್ಚುತ್ತಾಳೆ. ಯೋಹಾನನಲ್ಲಿ ಬೇಥಾನ್ಯದ ಮರಿಯಳೂ ತೈಲ ಹಚ್ಚುತ್ತಾಳೆ. ಪೋಪ್ ಗ್ರೆಗೊರಿ 591ರ ಒಂದು ಪ್ರಸಂಗದಲ್ಲಿ ಈ ಮೂವರನ್ನೂ ಒಬ್ಬಳೇ ಮಾಡಿದ. ಪಶ್ಚಿಮದ ಸಭೆಯಲ್ಲಿ ಅದೇ ನಿಂತಿತು. ಕ್ಯಾಥೊಲಿಕ್ ಸಭೆ 1969ರಲ್ಲಿ ಪಂಚಾಂಗ ತಿದ್ದುವಾಗ ಅವಳನ್ನು ಬಿಡಿಸಿ ಪ್ರತ್ಯೇಕ ಮಾಡಿತು. ಹದಿಮೂರು ಶತಮಾನಕ್ಕೂ ಹೆಚ್ಚು ಕಾಲ, ಪುನರುತ್ಥಾನದ ಮೊದಲ ಸಾಕ್ಷಿಯಾದ ಹೆಂಗಸಿನ ಹೆಸರಿಗೆ ಮಸಿ ಅಂಟಿಕೊಂಡಿತ್ತು. ಪಕ್ಕಪಕ್ಕದ ಎರಡು ಅಧ್ಯಾಯಗಳನ್ನು ಅವಸರದಲ್ಲಿ ಬೆಸೆದದ್ದರ ಫಲ ಅದು.

ಇನ್ನೊಂದು ಬಗೆಯ ತಪ್ಪು ಓದು ನನಗೆ ಹೆಚ್ಚು ಕಸಿವಿಸಿ ಮಾಡುತ್ತದೆ. ಇದು ಅಜ್ಞಾನದಿಂದ ಬರುವುದಲ್ಲ, ಜಾಣತನದಿಂದ ಬರುವುದು. ಐಶ್ವರ್ಯವಂತ ದೇವರ ರಾಜ್ಯಕ್ಕೆ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಎನ್ನುವ ಮಾತಿದೆಯಲ್ಲ, ಮಾರ್ಕ 10:25. ನಾನು ಕಲಿಯುತ್ತಿದ್ದಾಗ ಒಂದು ವಿವರಣೆ ಕೇಳಿದ್ದೆ. ಯೆರೂಸಲೇಮಿನಲ್ಲಿ ಸೂಜಿಕಣ್ಣು ಅಂತ ಒಂದು ಚಿಕ್ಕ ಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮಂಡಿಯೂರಿದರೆ ಒಳಗೆ ಹೋಗಬಹುದಿತ್ತು. ಎಷ್ಟು ಚೆಂದದ ವಿವರಣೆ! ಒಂದು ಪ್ರಾರ್ಥನಾಕೂಟದಲ್ಲಿ ಇದನ್ನು ಉತ್ಸಾಹದಿಂದ ಹೇಳಿದೆ. ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದು, "ಆ ಬಾಗಿಲಿನ ಸಂಗತಿ ಎಲ್ಲಿ ಬರೆದಿದೆ?" ಅಂತ ಮೆತ್ತಗೆ ಕೇಳಿದರು. ಹುಡುಕಿದೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಕಥೆ ಹುಟ್ಟಿದ್ದೇ ಬಹಳ ಶತಮಾನಗಳ ನಂತರ.

ಒಂಟೆಗೂ ಹಗ್ಗಕ್ಕೂ ಗ್ರೀಕಿನಲ್ಲಿ ಒಂದಕ್ಷರದ ವ್ಯತ್ಯಾಸ, ಆದ್ದರಿಂದ ಅದು ಹಗ್ಗವೇ ಇರಬೇಕು ಅಂತ ಇನ್ನು ಕೆಲವರು. ಹಗ್ಗವೂ ಸೂಜಿಯಲ್ಲಿ ತೂರುವುದಿಲ್ಲ, ಆ ಮಾತು ಬೇರೆ! ಇಷ್ಟೆಲ್ಲ ಕಸರತ್ತು ಬೇಕಾಗಿಯೇ ಇರಲಿಲ್ಲ. ಮುಂದಿನ ವಚನ ಓದಿದ್ದರೆ ಸಾಕಿತ್ತು. ಶಿಷ್ಯರು ಬೆರಗಾಗಿ, ಹಾಗಾದರೆ ಯಾರಿಗೆ ರಕ್ಷಣೆ ಆದೀತು ಅಂತ ಕೇಳುತ್ತಾರೆ. ಮನುಷ್ಯರಿಗೆ ಇದು ಅಸಾಧ್ಯ ಅಂತ ಯೇಸು ಉತ್ತರ ಕೊಡುತ್ತಾನೆ, ದೇವರಿಗೆ ಅಸಾಧ್ಯವಲ್ಲ ಎಂದೂ ಸೇರಿಸುತ್ತಾನೆ. ಮಂಡಿಯೂರಿ ನುಸುಳುವ ಬಾಗಿಲಾಗಿದ್ದರೆ ಶಿಷ್ಯರು ಬೆರಗಾಗಬೇಕಿರಲಿಲ್ಲ. ಯೆಹೂದಿ ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುದಿನಲ್ಲಿ ಸೂಜಿಕಣ್ಣಲ್ಲಿ ತೂರುವ ಆನೆಯ ಮಾತು ಬರುತ್ತದೆ, ಆಗದ್ದಕ್ಕೆ ಗುರುತಾಗಿ. ಒಂಟೆಯೂ ಅಂಥದ್ದೇ. ಎಚ್ಚರದ ಓದು ಯಾವಾಗಲೂ ಮಾತನ್ನು ಮೆತ್ತಗೆ ಮಾಡುತ್ತದೆ ಅಂದುಕೊಳ್ಳಬೇಡಿ. ಕೆಲವು ಸಲ ಮೊದಲಿಗಿಂತ ಗಡುಸಾಗುತ್ತದೆ.

ಉಲ್ಟಾ ಕೂಡ ಆಗುತ್ತದೆ. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಅಂದರೆ ಸೇಡಿನ ಧರ್ಮ ಅಂತ ಜನ ತಿಳಿದಿದ್ದಾರೆ. ಆದಿಕಾಂಡ 4ರಲ್ಲಿ ಲೆಮೆಕ ಎನ್ನುವವನು ತನ್ನ ಹೆಂಡತಿಯರ ಮುಂದೆ ಜಂಬ ಕೊಚ್ಚುತ್ತಾನೆ. ಕಾಯಿನನಿಗಾಗಿ ಏಳರಷ್ಟು ಸೇಡಾದರೆ, ನನಗಾಗಿ ಎಪ್ಪತ್ತೇಳರಷ್ಟು! ಅಂಥ ಲೋಕದಲ್ಲಿ ನಿಂತು "ಕಣ್ಣಿಗೆ ಕಣ್ಣು" ಕೇಳಿ. ಒಂದು ಕಣ್ಣಿಗೆ ಒಂದೇ ಕಣ್ಣು, ಮನೆಮಂದಿಯನ್ನೆಲ್ಲ ಕೊಲ್ಲುವಂತಿಲ್ಲ ಎನ್ನುವ ಮಿತಿ ಅದು. ವಿಮೋಚನಕಾಂಡ 21:24ರಲ್ಲಿ ಈ ಮಾತು ಬರುತ್ತದೆ. ಎರಡೇ ವಚನ ಕೆಳಗೆ, ಯಜಮಾನ ತನ್ನ ದಾಸನ ಕಣ್ಣು ಕೆಡಿಸಿದರೆ ಅದಕ್ಕೆ ಬದಲಾಗಿ ದಾಸನನ್ನು ಬಿಡುಗಡೆ ಮಾಡಬೇಕು ಅಂತಿದೆ. ಅಂದರೆ ಬರೆದವರೇ ಅದನ್ನು ಎಲ್ಲ ಕಡೆ ಅಕ್ಷರಶಃ ನಡೆಸಲಿಲ್ಲ. ಯೆಹೂದಿ ರಬ್ಬಿಗಳು ಇಡೀ ನಿಯಮವನ್ನು ಪರಿಹಾರಧನ ಅಂತಲೇ ಅರ್ಥ ಮಾಡಿದರು.

ಈ ಎಳೆ ಹಿಡಿದು ಮತ್ತಾಯ 18:22ಕ್ಕೆ ಬನ್ನಿ. ಏಳು ಸಾರಿ ಕ್ಷಮಿಸಿದರೆ ಸಾಕೇ ಅಂತ ಪೇತ್ರ ಕೇಳುತ್ತಾನೆ. ಯೇಸು ಕೊಟ್ಟ ಸಂಖ್ಯೆಯನ್ನು ಕೆಲವರು ಎಪ್ಪತ್ತೇಳು ಅನ್ನುತ್ತಾರೆ, ಕೆಲವರು ಏಳೆಪ್ಪತ್ತು ಅನ್ನುತ್ತಾರೆ. ಹಳೆ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಲೆಮೆಕನ ಬಾಯಲ್ಲಿ ಬಂದ ಪದಗಳೂ ಅವೇ. ಲೆಮೆಕನ ಸೇಡಿನ ಲೆಕ್ಕವನ್ನೇ ಯೇಸು ಕ್ಷಮೆಯ ಲೆಕ್ಕ ಮಾಡಿದ. ಇದನ್ನು ಮೊದಲ ಸಲ ಕಂಡಾಗ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಬರುವ ಸಾಲದ ಸಾಮ್ಯವೂ ಲೆಕ್ಕದ್ದೇ. ಒಬ್ಬನಿಗೆ ಹತ್ತು ಸಾವಿರ ತಲಾಂತಿನ ಸಾಲ ಬಿಟ್ಟರು. ಅವನು ನೂರು ದಿನಾರಿ ಸಾಲಗಾರನ ಕುತ್ತಿಗೆ ಹಿಡಿದ. ಒಂದು ತಲಾಂತು ಸುಮಾರು 6,000 ದಿನಾರಿ, ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಗುಣಿಸಿ ನೋಡಿದರೆ ಮೊದಲ ಸಾಲ ಎರಡನೆಯದರ ಆರು ಲಕ್ಷ ಪಟ್ಟು. ಕೇಳುತ್ತಿದ್ದವರು ನಕ್ಕಿರಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ. ಮೇಲೆ ಹೇಳಿದ್ದರಲ್ಲಿ ಗ್ರೀಕ್ ಬೇಕಾದದ್ದು ಎಷ್ಟು ಕಡೆ, ನೀವೇ ಎಣಿಸಿ. ಯೋಬ, ಯೆರೆಮೀಯ, ವಿಧವೆ, ಒಂಟೆ, ಕಣ್ಣಿಗೆ ಕಣ್ಣು, ಎಲ್ಲದರಲ್ಲೂ ಉತ್ತರ ಅದೇ ಪುಟದಲ್ಲಿ, ಹೆಚ್ಚೆಂದರೆ ಹಿಂದಿನ ಪುಟದಲ್ಲಿ ಇತ್ತು. ಭಾಷೆ ಬಂದರೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮುಕ್ಕಾಲು ತಪ್ಪುಗಳು ಬೇಗ ನಿಲ್ಲಿಸಿದ್ದರಿಂದ ಆದವು. ಯಾರಾದರೂ ಒಂದು ವಾಕ್ಯ ಎತ್ತಿ ಹೇಳಿದಾಗ ಜಗಳಕ್ಕೆ ಹೋಗಬೇಡಿ. "ಮುಂದಿನದೂ ಓದಿ" ಅನ್ನಿ. ತೀರ್ಪು ಮಾಡಬೇಡಿ ಎನ್ನುವ ಮತ್ತಾಯ 7:1ನ್ನು ಗುರಾಣಿ ಮಾಡಿಕೊಂಡವರಿಗೆ 5ನೇ ವಚನದವರೆಗೆ ಓದಲು ಹೇಳಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ನಿನ್ನ ಸಹೋದರನ ಕಣ್ಣಿನ ರವೆ ತೆಗೆಯಲು ಚೆನ್ನಾಗಿ ಕಾಣುತ್ತದೆ ಅಂತಿದೆ. ರವೆ ತೆಗೆಯಲೇಬೇಡ ಅಂತಿಲ್ಲ. ಸಣ್ಣ ಪತ್ರಗಳನ್ನು ಒಂದೇ ಕೂರಿಕೆಯಲ್ಲಿ ಓದಿ. ಫಿಲಿಪ್ಪಿಯವರಿಗೆ ಬರೆದ ಪತ್ರಕ್ಕೆ ಅರ್ಧ ಗಂಟೆ ಸಾಕು. ಬಲಪಡಿಸುವವನಲ್ಲಿ ನಾನು ಎಲ್ಲಕ್ಕೂ ಶಕ್ತ ಅಂತ ಬರೆದವನು ಸೆರೆಯಲ್ಲಿದ್ದ ಎಂದು ಆಗ ಗೊತ್ತಾಗುತ್ತದೆ. ಆ "ಎಲ್ಲ" ಎನ್ನುವುದರಲ್ಲಿ ಹಸಿದಿರುವುದೂ ಸೇರಿದೆ ಎಂದೂ ಗೊತ್ತಾಗುತ್ತದೆ. ಎರಡು ಅನುವಾದ ಇಟ್ಟುಕೊಳ್ಳಿ. ಅವು ಬೇರೆಯಾಗುವ ಕಡೆ ಅನುವಾದಕರೂ ತಲೆ ಕೆರೆದುಕೊಂಡಿರುತ್ತಾರೆ, ಅಲ್ಲಿ ನಿಧಾನಿಸಿ.

ಬೈಬಲಿನಿಂದ ಏನು ಬೇಕಾದರೂ ಹೇಳಿಸಬಹುದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ತುಂಡಿನಿಂದ ಹೇಳಿಸಬಹುದು. ಪೂರ್ತಿ ಓದಿದರೆ ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ವಿಧವೆಯ ಕಥೆಯ ಹಾಗೆ ಕೆಲವು ಕಡೆ ಎರಡು ಅರ್ಥ ಉಳಿಯುತ್ತದೆ ನಿಜ. ಆದರೆ ಎರಡೇ ಉಳಿಯುತ್ತದೆ, ಇಪ್ಪತ್ತಲ್ಲ.

ಇನ್ನು ಅಮ್ಮನ ವಿಷಯ. ನಿಮ್ಮ ಮನೆಗೆ ಬಂದವರು 8ನೇ ಅಧ್ಯಾಯ ಓದಿದ್ದರು, 42:12ರವರೆಗೆ ಬರಲಿಲ್ಲ. ಅಲ್ಲಿ ಕಥೆ ಹೇಳುವವನೇ ತನ್ನ ಮಾತಲ್ಲಿ ಹೀಗೆ ಬರೆಯುತ್ತಾನೆ: ಕರ್ತನು ಯೋಬನ ಕೊನೆಯ ಸ್ಥಿತಿಯನ್ನು ಮೊದಲಿನದಕ್ಕಿಂತ ಹೆಚ್ಚಾಗಿ ಆಶೀರ್ವದಿಸಿದನು. ಹೀಬ್ರೂವಿನಲ್ಲಿ ಮೊದಲು ಎನ್ನುವುದಕ್ಕೆ "ರೇಷೀತ್", ಕೊನೆ ಎನ್ನುವುದಕ್ಕೆ "ಅಹರೀತ್". ಬಿಲ್ದದ 8:7ರಲ್ಲಿ ಬಳಸಿದ್ದೂ ಇದೇ ಎರಡು ಪದ. ಅವನ ಬಾಯಲ್ಲಿ ಆರೋಪವಾಗಿದ್ದ ಮಾತನ್ನು ಪುಸ್ತಕ ಕೊನೆಗೆ ತನ್ನದಾಗಿಸಿಕೊಂಡು, ಷರತ್ತು ಕಿತ್ತುಹಾಕಿ, ಯೋಬನಿಗೆ ಕೊಡುತ್ತದೆ. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000. ಮಕ್ಕಳು ಮಾತ್ರ ಇಮ್ಮಡಿಯಾಗಲಿಲ್ಲ. ಮತ್ತೆ ಹತ್ತೇ. ಸತ್ತ ಹತ್ತು ಮಂದಿಯ ಜಾಗ ತುಂಬಿತು ಅಂತ ಪುಸ್ತಕ ಎಲ್ಲೂ ಹೇಳುವುದಿಲ್ಲ.

ಹಾಗಾಗಿ ಗೋಡೆಯಿಂದ ಏನನ್ನೂ ಇಳಿಸಬೇಕಾಗಿಲ್ಲ. ಅಮ್ಮ ಇಷ್ಟು ವರ್ಷ ಆ ಮಾತನ್ನು ಓದಿಕೊಂಡದ್ದು ಬಿಲ್ದದನ ಅರ್ಥದಲ್ಲಿ ಅಲ್ಲ, 42ನೇ ಅಧ್ಯಾಯದ ಅರ್ಥದಲ್ಲಿ. ಒಂದು ಸಂಜೆ ಅವರ ಪಕ್ಕ ಕೂತು ಆ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಯೋಬ ತನ್ನನ್ನು ನೋಯಿಸಿದ ಗೆಳೆಯರಿಗಾಗಿ ಪ್ರಾರ್ಥಿಸಿದ್ದು 10ನೇ ವಚನದಲ್ಲಿದೆ. ನಿಮ್ಮ ಮನೆಗೆ ಬಂದವರ ಮೇಲೆ ಅಮ್ಮನಿಗೆ ಇನ್ನೂ ಬೇಜಾರಿದ್ದರೆ ಅಲ್ಲಿ ಒಂದು ಗಳಿಗೆ ನಿಲ್ಲಿಸಬಹುದು.